ಒಂದು ವರ್ಷದ ಕಿರೀಟ

ರೀಟಾ ಫರಿಯಾ ಅವರ ಹೆಸರು ಬಂದಾಗಲೆಲ್ಲ ಥಳುಕಿನ ಲೋಕವನ್ನು ತ್ಯಜಿಸಿ ವೈದ್ಯೆಯಾದ ವಿಶ್ವಸುಂದರಿ ಎಂದು ಹೊಗಳುವುದು ರೂಢಿ. ಕೇಳಲು ಚೆನ್ನಾಗಿದೆ, ಆದರೆ ಘಟನೆಗಳ ಕ್ರಮ ಇದಕ್ಕೆ ಒಪ್ಪುವುದಿಲ್ಲ. 1966ರಲ್ಲಿ ‘ಈವ್ಸ್ ವೀಕ್ಲಿ’ ಪತ್ರಿಕೆ ನಡೆಸಿದ ಸ್ಪರ್ಧೆಯಲ್ಲಿ ಮಿಸ್ ಇಂಡಿಯಾ ಆದಾಗಲೇ ಅವರು ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದರು. ಅದೇ ನವೆಂಬರ್ 17ರಂದು ಲಂಡನ್ನಿನಲ್ಲಿ ವಿಶ್ವಸುಂದರಿ ಪಟ್ಟ ಸಿಕ್ಕಿತು. ಏಷ್ಯಾದ ಹೆಣ್ಣುಮಗಳೊಬ್ಬಳಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅಂದರೆ ವೈದ್ಯಕೀಯದ ನಡುವೆ ಕಿರೀಟ ಬಂತೇ ಹೊರತು ಕಿರೀಟ ಬಿಟ್ಟು ಅವರು ವೈದ್ಯಕೀಯಕ್ಕೆ ಬಂದವರಲ್ಲ.

ಅವರು ಲಂಡನ್ನಿಗೆ ಹೋದ ರೀತಿ ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಉಟ್ಟ ಸೀರೆ ಎರವಲಿನದು. ಈಜುಡುಗೆ ಹಿಂದಿನ ವರ್ಷದ ಮಿಸ್ ಇಂಡಿಯಾ ಪರ್ಸಿಸ್ ಖಂಬಾಟಾ ಅವರದು. ಎತ್ತರದ ರೀಟಾಗೆ ಅದು ಅಳತೆಗೆ ಕೂಡಲಿಲ್ಲ. ಕೈಯಲ್ಲಿದ್ದದ್ದು ಮೂರೇ ಪೌಂಡ್, ಅದರಲ್ಲೇ ಬೇರೆ ಈಜುಡುಗೆಯನ್ನೂ ಎತ್ತರದ ಹಿಮ್ಮಡಿಯ ಚಪ್ಪಲಿಯನ್ನೂ ಕೊಳ್ಳಬೇಕಾಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ವರ್ಷಗಟ್ಟಲೆ ತರಬೇತಿ ಪಡೆದು, ಮನೆಯವರ ಹಣ ಸುರಿದು ಗೆದ್ದವರಿಗೆ ಆ ಖರ್ಚು ಹಿಂದಿರುಗಬೇಕೆಂಬ ಒತ್ತಡ ಇದ್ದೇ ಇರುತ್ತದೆ. ಇವರಿಗೆ ಅಂಥ ಸಾಲವೇ ಇರಲಿಲ್ಲ. ಬದಲಿಗೆ ಒಂದು ವರ್ಷದ ಕರಾರಿತ್ತು. ಆ ಡಿಸೆಂಬರಿನಲ್ಲೇ ಹಾಸ್ಯನಟ ಬಾಬ್ ಹೋಪ್ ತಂಡದ ಜೊತೆ ವಿಯೆಟ್ನಾಮಿಗೆ ಹೋಗಿ ಅಮೆರಿಕದ ಸೈನಿಕರ ಮುಂದೆ ನಿಂತರು. ಭಾರತ ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಪಟ್ಟದ ರಾಣಿಗೆ ನಿಜಕ್ಕೂ ಇರುವುದು ನೌಕರಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಕರಾರು ಮುಗಿಯಿತು, ಅವರು ಓದಿಗೆ ಮರಳಿದರು, ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಲಿತರು, ಎಪ್ಪತ್ತರ ದಶಕದಲ್ಲಿ ಡಬ್ಲಿನ್ನಿನಲ್ಲಿ ನೆಲೆಸಿದರು.

ಆಗ ಸುಂದರಿಯರಿಗೆ ಬೇರೆ ದಾರಿಯೇ ಇರಲಿಲ್ಲ, ಅದಕ್ಕೇ ಓದಿಗೆ ಹೋದರು ಎನ್ನುವವರಿದ್ದಾರೆ. ಇದು ನಿಲ್ಲುವ ಮಾತಲ್ಲ. 1947ರ ಮಿಸ್ ಇಂಡಿಯಾ ಪ್ರಮೀಳಾ, ಅಂದರೆ ಎಸ್ತರ್ ವಿಕ್ಟೋರಿಯಾ ಅಬ್ರಹಾಂ, ಗೆಲ್ಲುವ ಮೊದಲೇ ಚಿತ್ರನಟಿ. ಪರ್ಸಿಸ್ ಕೂಡ ಸಿನಿಮಾಕ್ಕೇ ಹೋದರು. ಬಾಗಿಲು ತೆರೆದೇ ಇತ್ತು. ಇಂಗ್ಲಿಷ್ ಬಲ್ಲ, ಮೆಡಿಕಲ್ ಸೀಟು ಕೈಯಲ್ಲಿದ್ದ ಮುಂಬಯಿ ಹುಡುಗಿಗೆ ಬೇಡವೆನ್ನುವುದು ಸುಲಭ ಎಂಬ ಇನ್ನೊಂದು ಆಕ್ಷೇಪ ಮಾತ್ರ ಗಟ್ಟಿಯಾದದ್ದು, ಅದನ್ನು ಒಪ್ಪಲೇಬೇಕು. ನನ್ನ ವಾದಕ್ಕೆ ಅದರಿಂದ ಬಲವೇ ಬರುತ್ತದೆ. ಗೆದ್ದವಳ ಮುಂದಿನ ಬದುಕನ್ನು ತೀರ್ಮಾನಿಸುವುದು ಗೆಲ್ಲುವ ಮುಂಚೆ ಅವಳ ಕೈಯಲ್ಲೇನಿತ್ತು ಎಂಬುದೇ.

ಹಾಗಾಗಿ ಸೌಂದರ್ಯ ಸ್ಪರ್ಧೆಗಳನ್ನು ಸಮರ್ಥಿಸಲು ರೀಟಾ ಅವರನ್ನು ಎಳೆದು ತರುವುದು ಸರಿಯಲ್ಲ. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಪ್ರತಿಭಟನೆ ಎಷ್ಟು ಜೋರಾಗಿತ್ತೆಂದರೆ ಈಜುಡುಗೆ ಸುತ್ತನ್ನು ಸೀಶೆಲ್ಸ್‌ಗೆ ಒಯ್ಯಬೇಕಾಯಿತು. ಹೆಣ್ಣಿನ ಮೈಯನ್ನು ಅಳೆದು ಅಂಕ ಹಾಕುವುದು ತಪ್ಪು ಎಂದು ಅಂದು ಕೇಳಿದ ಮಾತಿಗೆ ಒಬ್ಬರು ಡಾಕ್ಟರಾದದ್ದು ಉತ್ತರವಾಗದು. ಅವರನ್ನು ಡಾಕ್ಟರ್ ಮಾಡಿದ್ದು ವೈದ್ಯಕೀಯ ಕಾಲೇಜು. ಹಾಗೆಂದು ವಿರೋಧಿಗಳ ಪಾಳಯಕ್ಕೂ ಅವರನ್ನು ಸೇರಿಸುವಂತಿಲ್ಲ. 1998ರಲ್ಲಿ ಫೆಮಿನಾ ಮಿಸ್ ಇಂಡಿಯಾ ಸ್ಪರ್ಧೆಯ ತೀರ್ಪುಗಾರರ ಸಾಲಿನಲ್ಲಿ ಅವರೂ ಕುಳಿತಿದ್ದರು.