ನಿಮಗಿದು ಗೊತ್ತೆ? ಗುಮಟೆಯ ಲಯಕ್ಕೆ ಕಂಪ್ಯೂಟರಿನ ಲೆಕ್ಕ

ಕಾರವಾರ, ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಗುಮಟೆ ಎರಡೂ ಕಡೆ ಬಾಯಿರುವ ಮಣ್ಣಿನ ವಾದ್ಯ. ದೊಡ್ಡ ಬಾಯಿಗೆ ಚರ್ಮದ ಹೊದಿಕೆ. ಸಣ್ಣ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ತೆರೆದರೆ ನಾದ ಬದಲಾಗುತ್ತದೆ. ಹಾಡು ರಂಗೇರಿದಂತೆ ಲಯವೂ ಏರಬಹುದು, ಬಾರಿಸುವವರಿಗೆ ಅದು ತಪ್ಪೇ ಅಲ್ಲ. ಅದೇ ಬಡಿತದ ತುಣುಕನ್ನು ಕಂಪ್ಯೂಟರಿನಲ್ಲಿ ‘ಲೂಪ್’ ಮಾಡಿ (ಮತ್ತೆ ಮತ್ತೆ ಮರುಕಳಿಸುವಂತೆ ಜೋಡಿಸಿ) ಬೇರೆ ವಾದ್ಯದ ಜೊತೆ ಕೂರಿಸಲು ಹೊರಟಾಗ ತಕರಾರು ಶುರು.

ಬೀಟ್‌ಗಳ ಸಂಖ್ಯೆಯನ್ನು 60ರಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿದರೆ ವೇಗ ಸಿಗುತ್ತದೆ. 16 ಬೀಟ್ 8.4 ಸೆಕೆಂಡ್ ತೆಗೆದುಕೊಂಡರೆ ನಿಮಿಷಕ್ಕೆ ಸುಮಾರು 114.3 ಬೀಟ್. ನಿಮ್ಮ ಹಾಡು 120ರದ್ದೇ? ಹಾಗಾದರೆ 8 ಸೆಕೆಂಡಿಗೇ ಮುಗಿಯಬೇಕಿತ್ತು. ಎರಡೇ ಸುತ್ತಿಗೆ ಗುಮಟೆ ಒಂದೂವರೆ ಬೀಟ್‌ಗಿಂತ ಹೆಚ್ಚು ಹಿಂದೆ ಬೀಳುತ್ತದೆ!

ಬರೀ ಓಟ ಹೆಚ್ಚಿಸಿದರೆ ಹಳೆಯ ಟೇಪಿನಂತೆ ಶ್ರುತಿಯೂ ಏರುತ್ತದೆ. 120ರಿಂದ 127ಕ್ಕೆ ಹೋದರೆ ಹೆಚ್ಚುಕಡಿಮೆ ಅರ್ಧ ಸ್ವರ. ಶ್ರುತಿ ಕೆಡದಂತೆ ಲೂಪ್‌ಗಳ ವೇಗ ಹೊಂದಿಸುವುದನ್ನು ಮನೆಯ ಕಂಪ್ಯೂಟರಿನಲ್ಲೂ ಸುಲಭ ಮಾಡಿದ ತಂತ್ರಾಂಶಗಳಲ್ಲಿ ಮುಖ್ಯವಾದುದು 1998ರ ‘ಆಸಿಡ್’. 2001ರಲ್ಲಿ ‘ಏಬಲ್‌ಟನ್ ಲೈವ್’ ಬಂತು.

ಜನಪದ ಗೀತೆಗಳಿಗೆ ‘ಟೆಂಪೊ ಮ್ಯಾಪ್’ ವಾಸಿ. ಇಲ್ಲಿ ಹಾಡನ್ನು ಎಳೆದಾಡುವುದಿಲ್ಲ. ತಂತ್ರಾಂಶದ ತಾಳದ ಗೆರೆಗಳನ್ನೇ ಹಾಡಿನ ಬಡಿತಕ್ಕೆ ಸರಿಸುತ್ತಾರೆ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರಂಥ (2017ರ ಪದ್ಮಶ್ರೀ, ನಿಧನ 2025) ಹಾಡುಗಾರ್ತಿಯ ದನಿಗೆ, ಒಂದೇ ವೇಗದಲ್ಲಿ ಟಿಕ್ ಟಿಕ್ ಎನ್ನುವ ಕ್ಲಿಕ್ ಟ್ರ್ಯಾಕಿನ ಬೇಲಿ ಏಕೆ? ಲೂಪ್ ಬೇಕೇ ಬೇಕೆಂದರೆ ವೇಗ ತೀರಾ ದೂರವಿಲ್ಲದ ತುಣುಕನ್ನೇ ಆರಿಸಿ, ಮೂಲ ಕಡತದ ಪ್ರತಿಯೊಂದನ್ನು ಮುಟ್ಟದೆ ಇಡಿ. ಅತಿಯಾಗಿ ಹಿಗ್ಗಿಸಿದರೆ ಚರ್ಮದ ಪೆಟ್ಟಿನ ಮೊನಚು ಮಂಕಾಗುತ್ತದೆ.