ಮೂರು ಅಡಿಯ ಮಹಾನೌಕೆ

1977ರಲ್ಲಿ ತೆರೆಕಂಡ ಜಾರ್ಜ್ ಲ್ಯೂಕಾಸ್ ಅವರ ‘ಸ್ಟಾರ್ ವಾರ್ಸ್’ ಚಿತ್ರದ ಆರಂಭದಲ್ಲಿ ತೆರೆಯನ್ನೇ ಆವರಿಸುವ ಸ್ಟಾರ್ ಡೆಸ್ಟ್ರಾಯರ್ ಎಂಬ ಯುದ್ಧನೌಕೆಯು ವಾಸ್ತವದಲ್ಲಿ ಸುಮಾರು 3 ಅಡಿ ಉದ್ದದ ಮಾದರಿಯಾಗಿದ್ದು, ಕಥೆಯಲ್ಲಿ ಅದು ಬೆನ್ನಟ್ಟುವ ಪುಟ್ಟ ನೌಕೆಯ ಮಾದರಿಯೇ ಅದಕ್ಕಿಂತ ದೊಡ್ಡದಾಗಿತ್ತು.

ಇಂಥ ನೌಕೆಗಳ ರಚನೆಯು ಪರಿಕಲ್ಪನಾ ಮಾದರಿಯಿಂದ, ಅಂದರೆ ಚಿತ್ರೀಕರಣಕ್ಕೆ ಮುನ್ನ ನೌಕೆಯ ಆಕಾರವನ್ನು ಎಲ್ಲ ಕೋನಗಳಿಂದಲೂ ಪರಿಶೀಲಿಸಲೆಂದು ತಯಾರಿಸುವ ಪ್ರಾಥಮಿಕ ಪ್ರತಿಕೃತಿಯಿಂದ, ಆರಂಭವಾಗುತ್ತದೆ. ಈ ಚಿತ್ರಕ್ಕಾಗಿ ಕಾಲಿನ್ ಕ್ಯಾಂಟ್‌ವೆಲ್ ಅವರು ಎಕ್ಸ್-ವಿಂಗ್, ಟೈ ಫೈಟರ್ ಮೊದಲಾದ ನೌಕೆಗಳ ಆರಂಭಿಕ ಮಾದರಿಗಳನ್ನು ನಿರ್ಮಿಸಿದರು. ಜೋ ಜಾನ್‌ಸ್ಟನ್ ಮುಂತಾದ ಕಲಾವಿದರು ಆ ವಿನ್ಯಾಸಗಳನ್ನು ಚಿತ್ರೀಕರಣಕ್ಕೆ ತಕ್ಕಂತೆ ಪರಿಷ್ಕರಿಸಿದರು.

ಲ್ಯೂಕಾಸ್ 1975ರಲ್ಲಿ ಸ್ಥಾಪಿಸಿದ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯ ಕುಶಲಕರ್ಮಿಗಳು, ಅಂಗಡಿಗಳಲ್ಲಿ ದೊರೆಯುವ ಟ್ಯಾಂಕ್, ಹಡಗು, ವಿಮಾನಗಳ ಪ್ಲಾಸ್ಟಿಕ್ ಕಿಟ್‌ಗಳ ಬಿಡಿಭಾಗಗಳನ್ನು ಆಯ್ದು ಮಾದರಿಯ ಮೇಲ್ಮೈಗೆ ಅಂಟಿಸಿದರು. ‘ಕಿಟ್‌ಬ್ಯಾಶಿಂಗ್’ ಎಂದು ಕರೆಯಲಾಗುವ ಈ ವಿಧಾನದಿಂದ ಮೂಡುವ ಸೂಕ್ಷ್ಮ ಕೊಳವೆ, ಫಲಕ, ಉಬ್ಬುಗಳನ್ನು ಕಂಡ ಕಣ್ಣು, ಅವುಗಳೊಂದಿಗೆ ಹೋಲಿಸಿಕೊಂಡು ಇಡೀ ನೌಕೆಯನ್ನು ಅತಿ ಬೃಹತ್ತಾದುದೆಂದು ಗ್ರಹಿಸುತ್ತದೆ. ಬೇಕೆಂದೇ ಬಳಿದ ಮಸಿಯೂ ಮಾಸಿದ ಬಣ್ಣವೂ ಅದು ಬಹುಕಾಲ ಬಳಕೆಯಲ್ಲಿದ್ದ ಯಂತ್ರವೆಂಬ ನಂಬಿಕೆಯನ್ನು ಹುಟ್ಟಿಸುತ್ತವೆ.

ತೆರೆಯ ಮೇಲಿನ ಅಗಾಧತೆಗೆ ಮೇಲ್ಮೈಯ ಈ ದಟ್ಟ ವಿವರಗಳೇ ಆಧಾರವಾಗಿರುವುದರಿಂದ, ಅವನ್ನು ಕೈಯಾರೆ ಜೋಡಿಸಿದ ಕುಶಲಕರ್ಮಿಗಳಿಗೆ ಶಿಲ್ಪಿಗಳಿಗೆ ಸಲ್ಲುವಷ್ಟೇ ಮನ್ನಣೆ ಸಲ್ಲಬೇಕು.