ಜೇವರ್ಗಿ ಬಸ್ಸಿನಲ್ಲಿ ಸಿಬಿಝಡ್ ಬಗ್ಗೆ ಆಡುವ ಮಾತು

ಜೇವರ್ಗಿಯಿಂದ ಕಲಬುರಗಿಗೆ ಹೊರಟ ಬೆಳಗಿನ ಬಸ್ಸು ಕಟ್ಟಿಸಂಗಾವಿಯ ಭೀಮಾ ಸೇತುವೆ ದಾಟುವಷ್ಟರಲ್ಲಿ, ಪಿಯುಸಿ ಮುಗಿಸಿದ ಯಾರದೋ ಮಗಳ ಮುಂದಿನ ದಾರಿ ನಾಲ್ಕು ಜನರ ಬಾಯಲ್ಲಿ ತೀರ್ಮಾನವಾಗಿಬಿಟ್ಟಿರುತ್ತದೆ. "ನೀಟ್ ಆಗಲಿಲ್ಲಂದ್ರ ಇನ್ನೇನ್ ಮಾಡೂದ್ರಿ, ಬಿಎಸ್ಸಿಗೆ ಹಾಕೂದು. ಅದರಾಗೇನದ, ಟೀಚರ್ ಆಗ್ತಾಳ." ಕಂಡಕ್ಟರ್ ಕೂಡ ಹೂಂಗುಟ್ಟುತ್ತಾನೆ. ಮಗಳು ಮಾತ್ರ ಕಿಟಕಿಯ ಕಡೆ ನೋಡುತ್ತಿರುತ್ತಾಳೆ.

ಸಿಬಿಝಡ್, ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಬಿಎಸ್ಸಿಗೆ ಸೇರಿದರೆ ನೀಟ್ ಬಾಗಿಲು ಮುಚ್ಚಿತು ಎಂಬುದು ಇಂಥ ಬಸ್ಸಿನ ಮಾತುಗಳಲ್ಲಿ ಹಳೆಯದು. ಅದು ನಿಜವಲ್ಲ. ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ, ಪದವಿ ಓದುತ್ತಿರುವವರೂ ಬರೆಯಬಹುದು. ಆದರೆ ಇದರ ಬೆನ್ನಿಗೇ ಇನ್ನೊಂದು ತಪ್ಪು ಹುಟ್ಟಿಕೊಂಡಿದೆ. ಬಿಎಸ್ಸಿ ಹೇಗೂ ಇರುತ್ತದೆ, ಮೂರು ವರ್ಷವೂ ನೀಟ್ ಬರೆಯುತ್ತಾ ಹೋಗೋಣ ಎಂಬ ಲೆಕ್ಕ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಚಿಲ್ಲರೆ. ನೀಟ್ ಕೇಳುವುದು ಪಿಯುಸಿ ಪುಸ್ತಕವನ್ನು, ಸೆಮಿಸ್ಟರ್ ಕೇಳುವುದು ಪ್ರಾಕ್ಟಿಕಲ್ ರೆಕಾರ್ಡನ್ನು. ಎರಡನ್ನೂ ಅರ್ಧರ್ಧ ಓದಿದವರಿಗೆ ಅಲ್ಲಿ ರ‍್ಯಾಂಕೂ ಸಿಗಲಿಲ್ಲ, ಇಲ್ಲಿ ಅಂಕವೂ ಬರಲಿಲ್ಲ ಎಂದಾಗುತ್ತದೆ. ನನ್ನನ್ನು ಕೇಳಿದರೆ, ಮೊದಲ ವರ್ಷ ಒಮ್ಮೆ ಬರೆದು ನೋಡಲಿ. ಆಗದಿದ್ದರೆ ಆ ಪುಸ್ತಕಗಳನ್ನು ತಮ್ಮನಿಗೋ ತಂಗಿಗೋ ಕೊಟ್ಟು ಬಿಎಸ್ಸಿಯನ್ನು ಬಿಎಸ್ಸಿಯಾಗಿಯೇ ಓದಲಿ.

"ಬರೀ ಟೀಚರ್" ಎಂಬ ಮಾತಿನಲ್ಲಿ ಎರಡು ತಪ್ಪುಗಳಿವೆ. ಒಂದು, ಟೀಚರ್ ಆಗುವುದು ಅಷ್ಟು ಸಲೀಸಲ್ಲ. ಪದವಿಯ ಮೇಲೆ ಎರಡು ವರ್ಷದ ಬಿಎಡ್ ಬೇಕು, ಪಿಯು ಉಪನ್ಯಾಸಕರಾಗಲು ಎಂಎಸ್ಸಿಯೂ ಬೇಕು. ನಮ್ಮ ರಾಜ್ಯದ ಹೈಸ್ಕೂಲುಗಳಲ್ಲಿ ಬಯಾಲಜಿ ಟೀಚರ್ ಹುದ್ದೆಯನ್ನು ಕರೆಯುವುದೇ 'ಸಿಬಿಝಡ್ ಶಿಕ್ಷಕ' ಎಂದು. ಹಾಗಾಗಿ ಹೆಸರು ಚೆಂದವಿದೆ ಅಂತ ಸಸ್ಯಶಾಸ್ತ್ರ ಬಿಟ್ಟು ಬಯೋಟೆಕ್ನಾಲಜಿ ಹಿಡಿಯುವ ಮುಂಚೆ ನೇಮಕಾತಿ ನಿಯಮದ ಅರ್ಹತೆ ಕಾಲಂ ಓದಿಕೊಳ್ಳಬೇಕು. ಇನ್ನೊಂದು, ದಾರಿ ಅದೊಂದೇ ಅಲ್ಲ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಇಂತಿಂಥ ವಿಷಯಗಳಲ್ಲಿ ಒಂದಾದರೂ ಇರಬೇಕೆಂದು ಯುಪಿಎಸ್‌ಸಿ ಒಂದು ಪಟ್ಟಿ ಕೊಟ್ಟಿದೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರೂ ಅದರಲ್ಲಿವೆ. ಎಷ್ಟೋ ಎಂಜಿನಿಯರ್‌ಗಳು ಬರೆಯುವ ಆ ಪರೀಕ್ಷೆಗೆ ನಮ್ಮ ಸಿಬಿಝಡ್ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ.

ಬಿಎಸ್ಸಿ ಮಾಡಿ ಆಮೇಲೆ ಎಂಎಸ್ಸಿ ಅಗ್ರಿ ಮಾಡುತ್ತೇನೆ ಅನ್ನುವವರಿಗೂ ಒಂದು ಮಾತು: ಅಲ್ಲಿ ಸಾಮಾನ್ಯವಾಗಿ ಕೇಳುವುದು ನಾಲ್ಕು ವರ್ಷದ ಬಿಎಸ್ಸಿ ಕೃಷಿ ಪದವಿಯನ್ನು.

ಗಣಿತ ಬೇಡವೆಂದೇ ಬಯಾಲಜಿ ತೆಗೆದುಕೊಂಡವರು ಬಹಳ. ಆದರೆ ಎಂಎಸ್ಸಿಗೆ ಐಐಟಿಗಳು ನಡೆಸುವ ಜ್ಯಾಮ್ ಪರೀಕ್ಷೆಯ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ ಗಣಿತವೂ ಭೌತಶಾಸ್ತ್ರವೂ ಇವೆ. ಸಂಶೋಧನೆಗೆ ಸೇರಲು ಬರೆಯುವ ಜೀವವಿಜ್ಞಾನದ ಸಿಎಸ್‌ಐಆರ್ ನೆಟ್‌ನ ಮೊದಲ ಭಾಗದಲ್ಲಿಯೂ ಲೆಕ್ಕ ತಪ್ಪುವುದಿಲ್ಲ. ಸಂಶೋಧನೆಯ ಕೆಲಸದಲ್ಲೂ ಅಷ್ಟೇ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಮುಂದಾಳತ್ವದ ತಂಡ 2011ರಲ್ಲಿ ತೊಗರಿಯ ಜೀನೋಮ್ ಓದಿ 48,680 ಜೀನ್‌ಗಳನ್ನು ಗುರುತಿಸಿತು. ಆ ಕೆಲಸದಲ್ಲಿ ಕಂಪ್ಯೂಟರ್ ಮುಂದೆ ಕೂತವರ ಪಾಲು ಸಣ್ಣದಲ್ಲ.

ತೊಗರಿಯ ಹೆಸರು ಬಂತಲ್ಲ, ಇಲ್ಲೇ ಸ್ವಲ್ಪ ನಿಲ್ಲೋಣ. "ನಮ್ಮ ಬಯಲುಸೀಮ್ಯಾಗ ಏನದರಿ ಸರ, ಬಯಾಲಜಿ ಅಂದ್ರ ಮಲೆನಾಡು" ಎಂಬ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ. ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದನ್ನು ಒಣಗಿಸುವ ನೆಟೆರೋಗ ಮಣ್ಣಿನಲ್ಲಿ ಬದುಕುವ ಫ್ಯುಸೇರಿಯಂ ಎಂಬ ಶಿಲೀಂಧ್ರದ್ದು. ಒಣಗಿದ ಗಿಡದ ಕಾಂಡ ಸೀಳಿದರೆ ಕಪ್ಪು ಗೆರೆ ಕಣ್ಣಿಗೇ ಕಾಣುತ್ತದೆ. ಕಾಯಿಕೊರಕ ಬಂದಾಗ ಗಿಡ ಅಲ್ಲಾಡಿಸಿ, ಕೆಳಗೆ ತಾಡಪತ್ರಿ ಹಿಡಿದು ಹುಳು ಬೀಳಿಸುವ ಪದ್ಧತಿ ಈ ಭಾಗದ ರೈತರದ್ದು, ವಿಜ್ಞಾನಿಗಳೇ ಬಂದು ನೋಡಿ ದಾಖಲಿಸಿದ್ದು. ಗುಲಬರ್ಗಾ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಗುಲಬರ್ಗಾ ವಿಶ್ವವಿದ್ಯಾಲಯವೇ 2000ದಲ್ಲಿ ಪ್ರಕಟಿಸಿದೆ. ಹರ್ಬೇರಿಯಂಗೆ ಅಂತ ಊಟಿಯ ಟೂರಿನಲ್ಲಿ ಕಿತ್ತು ತಂದ ಎಲೆಗಿಂತ ಅಪ್ಪನ ಹೊಲದ ಬದುವಿನಲ್ಲಿ ಕಿತ್ತ ಕಳೆಯ ಗುರುತು ಹಚ್ಚುವುದು ಕಷ್ಟದ ಕೆಲಸ, ಕಲಿಸುವುದೂ ಹೆಚ್ಚು.

ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಇದೆ, ಸೀಟು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯವೂ ಅರ್ಧ ಸತ್ಯ. ರಾಜ್ಯದ ನಿಯಮದಂತೆ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8 ಸೀಟು ಸ್ಥಳೀಯರಿಗೆ. ಪ್ರಾದೇಶಿಕ ವೃಂದದ ಗ್ರೂಪ್ ಸಿ ಹುದ್ದೆಗಳಲ್ಲಿ 80. ಆದರೆ ಆ 70ರೊಳಗೆ ನಿಮ್ಮ ಜೊತೆ ಸ್ಪರ್ಧೆಗೆ ಇಳಿಯುವವರು ಬೀದರಿನಿಂದ ಬಳ್ಳಾರಿವರೆಗಿನ ಹುಡುಗರು, ಅಲ್ಲಿ ನಡೆಯುವುದು ಅಂಕದ ಮಾತೇ. ಜ್ಯಾಮ್, ನೆಟ್‌ನಂಥ ಅಖಿಲ ಭಾರತ ಪರೀಕ್ಷೆಗಳಲ್ಲಿ ಈ ಮೀಸಲಾತಿ ಲೆಕ್ಕಕ್ಕೇ ಬರುವುದಿಲ್ಲ. 2009ರಲ್ಲಿ ಆರಂಭವಾದ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ ಕೂಗಳತೆಯಲ್ಲಿದ್ದರೂ ಅಲ್ಲಿನ ಎಂಎಸ್ಸಿಗೆ ಸಿಯುಇಟಿ ಪಿಜಿ ಬರೆಯಬೇಕು. 371ಜೆ ಪ್ರಮಾಣಪತ್ರವನ್ನು ಕೌನ್ಸೆಲಿಂಗ್‌ನ ಹಿಂದಿನ ದಿನ ಹುಡುಕಬೇಡಿ, ಅದನ್ನು ಕೊಡುವುದು ಸಹಾಯಕ ಆಯುಕ್ತರ ಕಚೇರಿ.

ಮೂರು ವರ್ಷದ ಪದವಿ ಎಂಎಸ್ಸಿಗೆ ನಡೆಯುವುದಿಲ್ಲವೆಂಬ ಗುಮಾನಿ ನಾಲ್ಕು ವರ್ಷದ ಆನರ್ಸ್ ಬಂದು ಹೋದ ಗದ್ದಲದಲ್ಲಿ ಎದ್ದದ್ದು. ರಾಜ್ಯ 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಎರಡು ವರ್ಷದ ಎಂಎಸ್ಸಿಗೆ ಅಷ್ಟು ಸಾಕು.

ಸಂಶೋಧನೆ ಎಂದರೆ ಸ್ವಂತ ಖರ್ಚು, ಬೆಂಗಳೂರಿನವರ ಕೆಲಸ ಅನ್ನುವವರಿಗೆ ಎರಡು ಸಂಗತಿ. ನೆಟ್ ಪಾಸಾಗಿ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅದಕ್ಕೂ ಮುಂಚೆ, ಬಿಎಸ್ಸಿಯಲ್ಲಿದ್ದಾಗಲೇ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ, ಪ್ರಯಾಣದ ಖರ್ಚಿಗೂ ಹಣ ಬರುತ್ತದೆ. ಅರ್ಜಿಯ ಜೊತೆ ಏನು ಮಾಡಬೇಕೆಂದಿದ್ದೀರಿ ಎಂಬ ಒಂದು ಬರಹ, ಅಧ್ಯಾಪಕರದೊಂದು ಶಿಫಾರಸು ಪತ್ರ ಬೇಕು. ಬರಹದ ವಿಷಯಕ್ಕೆ ನಮ್ಮ ತೊಗರಿಯ ನೆಟೆರೋಗ ಇದೆ. ಪತ್ರಕ್ಕೆ, ಮೂರನೇ ಸೆಮಿಸ್ಟರಿನೊಳಗೇ ಸ್ಟಾಫ್ ರೂಮಿನ ಬಾಗಿಲಿಗೆ ಹೋಗಿ ಒಂದೆರಡು ಪ್ರಶ್ನೆ ಕೇಳಿರಬೇಕು. ಬರೆಯುವ ಸರ್‌ಗೆ ನಿಮ್ಮ ಮುಖವಾದರೂ ಗೊತ್ತಿರಬೇಕಲ್ಲ.